ಪಾರಿವಾಳಕ್ಕೆ ಕಟ್ಟಡವೂ ಬಂಡೆಯೇ



ಪಟ್ಟಣದ ಕಟ್ಟಡಗಳ ಸಜ್ಜಾದ ಮೇಲೆ, ಕಿಟಕಿಯ ಸಂದಿಯಲ್ಲಿ ಗೂಡು ಕಟ್ಟುವ ಪಾರಿವಾಳವು ಮೂಲತಃ ಮರದ ಹಕ್ಕಿಯಲ್ಲ. ಕಡಿದಾದ ಬಂಡೆಗಳ ಬಿರುಕುಗಳಲ್ಲಿ ಮೊಟ್ಟೆಯಿಡುತ್ತಿದ್ದ ಹಕ್ಕಿಯ ಸಂತತಿ ಅದು. ಸಾವಿರಾರು ವರ್ಷಗಳ ಹಿಂದೆಯೇ ಮನುಷ್ಯನು ಅದನ್ನು ಸಾಕಿದನು. ತಪ್ಪಿಸಿಕೊಂಡವು ಊರನ್ನೇ ನೆಲೆಯಾಗಿಸಿಕೊಂಡವು. ಬಹುಮಹಡಿ ಕಟ್ಟಡವು ಅದರ ಕಣ್ಣಿಗೆ ಬಂಡೆಯೇ. ಹಕ್ಕಿಯು ಮನೆಗೆ ನುಗ್ಗಿತೆಂದು ದೂರುವುದಕ್ಕಿಂತ, ಮನುಷ್ಯರೇ ಅದಕ್ಕೆ ಮನೆ ಕಟ್ಟಿಕೊಟ್ಟರೆನ್ನುವುದು ಹೆಚ್ಚು ನಿಜ.

ಆದರೆ ತೊಂದರೆಯು ಕಲ್ಪನೆಯದಲ್ಲ. ಹಿಕ್ಕೆಯಲ್ಲಿರುವ ಆಮ್ಲವು ಸುಣ್ಣದ ಕಲ್ಲನ್ನೂ ತಗಡನ್ನೂ ತಿನ್ನುತ್ತದೆ. ಅದಕ್ಕಿಂತ ಗುರುತರವಾದುದು ಶ್ವಾಸಕೋಶದ ಸಂಗತಿ. ಒಣಗಿ ಪುಡಿಯಾದ ಹಿಕ್ಕೆ ಹಾಗೂ ಗರಿಯ ಧೂಳನ್ನು ದೀರ್ಘಕಾಲ ಉಸಿರಾಡಿದ ಕೆಲವರಲ್ಲಿ ಶ್ವಾಸಕೋಶವು ಅಲರ್ಜಿಯಿಂದ ಊದಿಕೊಂಡು, ಕ್ರಮೇಣ ನಾರುಗಟ್ಟಿ ಗಡುಸಾಗುತ್ತದೆ; ಹಾಗಾದ ಭಾಗವು ಮೊದಲಿನಂತಾಗದು. ಹಿಕ್ಕೆಯಲ್ಲಿ ಬೆಳೆಯುವ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರವು ರೋಗನಿರೋಧಕ ಶಕ್ತಿ ಕುಂದಿದವರ ಮಿದುಳಿನ ಪೊರೆಗೂ ತಗಲಬಲ್ಲದು. ಹಕ್ಕಿಯೊಂದು ಕಿಟಕಿಗೆ ಬಂದಿತೆಂದು ಭಯಪಡಬೇಕಾಗಿಲ್ಲ. ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸುವುದು ಅಪಾಯ. ಶಾಲೆಯ ಅಟ್ಟವನ್ನು ಮಕ್ಕಳಿಂದ ಗುಡಿಸುವ ರೂಢಿಯಿದ್ದರೆ ಅದು ಇಂದೇ ನಿಲ್ಲಬೇಕು. ನೀರಿನಿಂದ ನೆನೆಸಿ, ಮುಖಗವಸು ಧರಿಸಿ, ದೊಡ್ಡವರೇ ತೆಗೆಯತಕ್ಕದ್ದು.

ಕೊಂದರೆ ಮುಗಿಯಿತೆನ್ನುವವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರವನ್ನು ಗಮನಿಸಬೇಕು. ಅಲ್ಲಿ 1961ರಿಂದ 1985ರವರೆಗೆ ಸುಮಾರು ಒಂದು ಲಕ್ಷ ಪಾರಿವಾಳಗಳನ್ನು ಕೊಂದರೂ ಸಂಖ್ಯೆ ತಗ್ಗಲಿಲ್ಲ. ಸತ್ತವುಗಳ ಪಾಲಿನ ಕಾಳು ಉಳಿದವುಗಳಿಗೆ ದೊರೆಯಿತು, ಮರಿಗಳು ಹೆಚ್ಚು ಬದುಕಿದವು. 1988ರಲ್ಲಿ ಜನರಿಗೆ ತಿಳಿವಳಿಕೆ ನೀಡಿ ಕಾಳು ಎಸೆಯುವುದನ್ನು ತಗ್ಗಿಸುವ ಕಾರ್ಯ ಆರಂಭವಾಯಿತು. ಗೂಡುಗಳನ್ನು ನಿರ್ಮಿಸಿ ಅಲ್ಲಿನ ಮೊಟ್ಟೆಗಳನ್ನೂ ತೆಗೆಯಲಾಯಿತು. ಐದು ವರ್ಷದೊಳಗೆ ಇಪ್ಪತ್ತು ಸಾವಿರದಷ್ಟಿದ್ದ ಹಕ್ಕಿಗಳು ಅರ್ಧಕ್ಕಿಳಿದವು. ಕಾಳು ಹೇರಳವಾಗಿರುವಲ್ಲಿ ಪಾರಿವಾಳವು ವರ್ಷವಿಡೀ, ಸಲಕ್ಕೆ ಎರಡರಂತೆ, ಮೊಟ್ಟೆಯಿಡುತ್ತದೆ.

ಕಾಳು ನಿಲ್ಲಿಸುವುದು ಸುಲಭವೇನೂ ಅಲ್ಲ. ಮುಂಬಯಿಯಲ್ಲಿ 2025ರಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ‘ಕಬೂತರಖಾನೆ’ಗಳನ್ನು ಮುಚ್ಚಲು ಹೊರಟಾಗ, ದಾದರಿನಲ್ಲಿ ಹೊದಿಸಿದ್ದ ತಾಡಪತ್ರಿಯನ್ನು ಭಕ್ತರು ಕಿತ್ತೆಸೆದರು. ಜೀವದಯೆ ದೊಡ್ಡದೇ ಸರಿ. ಆದರೆ ನೆರೆಮನೆಯ ಮುದುಕಿಯ ಉಸಿರೂ ಜೀವವೇ ತಾನೇ?

ಬೆಟ್ಟದೂರುಗಳಲ್ಲಿ ಮಾಡಬೇಕಾದುದು ಇಷ್ಟು: ಅಕ್ಕಿ ಗಿರಣಿ, ಅಂಗಡಿಗಳೆದುರು ಚೆಲ್ಲಿದ ಕಾಳನ್ನು ಅಂದಂದೇ ಬಳಿಯುವುದು, ಸೂರಿನ ಸಂದುಗಳಿಗೆ ಬಿಗಿಯಾದ ಜಾಲರಿ ಹಾಕುವುದು, ಸಡಿಲವಾದರೆ ಹಕ್ಕಿ ಸಿಕ್ಕಿ ಸಾಯುತ್ತದೆ, ನೀರಿನ ತೊಟ್ಟಿಯನ್ನು ಮುಚ್ಚುವುದು. ಮರಿಗಳಿದ್ದರೆ ಅವು ಹಾರುವವರೆಗೆ, ಸುಮಾರು ಒಂದು ತಿಂಗಳು, ಕಾಯಬೇಕು. ವಿಷವಂತೂ ಕೂಡದು, ಸತ್ತ ಪಾರಿವಾಳವನ್ನು ತಿಂದ ಗಿಡುಗ, ಗೂಬೆಗಳೂ ಸಾಯುತ್ತವೆ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಪಶ್ಚಿಮಘಟ್ಟದಲ್ಲಿ ನೀಲಗಿರಿ ಕಾಡುಪಾರಿವಾಳವೆಂಬ ಬೇರೆಯೇ ಹಕ್ಕಿಯಿದೆ. ಅದರ ಕತ್ತಿನ ಹಿಂಭಾಗದಲ್ಲಿ ಕಪ್ಪುಬಿಳುಪಿನ ಚದುರಂಗದ ಮನೆಗಳಂಥ ಗುರುತು ಕಾಣುತ್ತದೆ. ಅದು ಮರದಲ್ಲಿ ಗೂಡು ಕಟ್ಟಿ, ಸಾಮಾನ್ಯವಾಗಿ ಒಂದೇ ಮೊಟ್ಟೆಯಿಟ್ಟು, ಕಾಡುಹಣ್ಣು ತಿಂದು ಬೀಜ ಹರಡುತ್ತದೆ. ಊರ ಪಾರಿವಾಳದ ಮೇಲಣ ಸಿಟ್ಟಿನಲ್ಲಿ ಅದರತ್ತ ಯಾರೂ ಕವಣೆ ಬೀಸದಿರಲಿ.