ಮನೆಯೇ ಮೊದಲ ಧರ್ಮೋಪದೇಶ



ಮಕ್ಕಳಿಗೆ ವಿಶ್ವಾಸವನ್ನು ಮೊದಲು ಸಾರುವವರು ಹೆತ್ತವರೇ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ನಾವೋ, ಭಾನುವಾರದ ಧರ್ಮೋಪದೇಶ ತರಗತಿಗೆ ಕಳಿಸಿದರೆ ಮುಗೀತು ಅಂದುಕೊಳ್ಳುತ್ತೇವೆ.

ಸೆಪ್ಟೆಂಬರ್ 8ರ ತೆನೆಹಬ್ಬವನ್ನೇ ನೋಡಿ. ಅದಕ್ಕೆ ಮೊದಲು ಒಂಬತ್ತು ದಿನ ಕರಾವಳಿಯ ನಮ್ಮ ಮಕ್ಕಳು ಮರಿಯಮ್ಮನವರಿಗೆ ಹೂ ಒಯ್ಯುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಹಾಲಿಗೋ ಪಾಯಸಕ್ಕೋ ಹಾಕಿ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುತ್ತೇವೆ. "ಇದನ್ನು ಕೊಟ್ಟವರು ಯಾರಮ್ಮ?" ಅಂತ ಮಗು ಕೇಳುವುದು ಆಗಲೇ.

ಆದರೆ ಕುಡಿದು ಬಂದ ಅಪ್ಪ ಗದರಿಸಿ ಜಪಸರಕ್ಕೆ ಕೂರಿಸಿದರೆ ಮಗು ಕಲಿಯೋದು ಹೆದರಿಕೆ ಮಾತ್ರ. ಜಗಳವಾದ ದಿನ ಗಂಡ ಹೆಂಡತಿ ಮೊದಲು ರಾಜಿಯಾಗೋಣ, ಮಕ್ಕಳ ಎದುರಿಗೇ. ಆಮೇಲೆ ಐದು ನಿಮಿಷ ಪ್ರಾರ್ಥಿಸಿದರೂ ಸಾಕು. ಅಷ್ಟು ಹೊತ್ತು ಟಿವಿ, ಮೊಬೈಲು ಆಫ್ ಆಗಿರಲಿ, ದೊಡ್ಡವರದ್ದೂ ಸೇರಿ.