ಒಂದು ದಿರ್ಹಮ್ ರೊಟ್ಟಿಗೆ, ಒಂದು ದಿರ್ಹಮ್ ಕೊಡಲಿಗೆ

(ಚಿಮ್ಮನಚೋಡದಲ್ಲಿ ನಡೆದ ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣೆಯ ಸಂದರ್ಭದಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)





ಪ್ರತಿ ವರ್ಷ ಈ ಸಭೆಯಲ್ಲಿ ಜಮಾ-ಖರ್ಚು ಓದುತ್ತೇವೆ. ಈ ಸಲವೂ ಅದು ವರದಿಯ ಕೊನೆಯ ಪುಟಗಳಲ್ಲಿದೆ. ದಯವಿಟ್ಟು ಎಲ್ಲರೂ ನೋಡಿ, ಅನುಮಾನವಿದ್ದರೆ ಕೇಳಿ. ಆದರೆ ಆ ಪುಟಗಳಲ್ಲಿ ಕಾಣದ ಒಂದು ಮಾತನ್ನು ಇಂದು ನಿಮ್ಮ ಮುಂದೆ ಇಡಬೇಕಾಗಿದೆ. ನಾವು ಕೊಟ್ಟ ಹಣದಿಂದ ಎಷ್ಟು ಮನೆಗಳಲ್ಲಿ ದುಡಿಮೆ ನಿಂತಿತು? ಈ ಪ್ರಶ್ನೆಯನ್ನು ನಾವು ಬಹಳ ದಿನ ಕೇಳಿಕೊಳ್ಳಲೇ ಇಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿಗೆ ಹೊಲಿಗೆ ಮಶೀನು ಕೊಟ್ಟೆವು. ಆಕೆಗೆ ಹೊಲಿಗೆ ಚೆನ್ನಾಗಿ ಬರುತ್ತಿತ್ತು. ಮಶೀನಿನ ಜೊತೆ ಫೋಟೋ ತೆಗೆಸಿದೆವು, ಚಪ್ಪಾಳೆ ತಟ್ಟಿದೆವು, ಮನೆಗೆ ಹೋದೆವು. ಆರು ತಿಂಗಳಾದ ಮೇಲೆ ಗೊತ್ತಾಯಿತು, ಆ ಮಶೀನು ಮಾರಾಟವಾಗಿದೆ ಎಂದು. ಕೆಲವರು ಸಿಟ್ಟಾದರು. "ಇವರಿಗೆ ಕೊಟ್ಟು ಏನು ಪ್ರಯೋಜನ?" ಎಂದರು. ನಾವು ಆ ಮನೆಗೆ ಹೋಗಿ ಕುಳಿತು ಕೇಳಿದೆವು. ಗಂಡನಿಗೆ ಕಾಯಿಲೆ, ಅಂಗಡಿಯಲ್ಲಿ ಕಿರಾಣಿ ಉದ್ರಿ, ಮೇಲೆ ಕೈಗಡದ ಬಡ್ಡಿ. ಹೊಲಿಗೆಗೆ ಗಿರಾಕಿ ಬರುವುದಕ್ಕೆ ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಒಲೆ ಹೇಗೆ ಹೊತ್ತಬೇಕು? ಮನೆಯಲ್ಲಿ ಮಾರಲು ಬರುವ ವಸ್ತು ಅದೊಂದೇ ಆಗಿತ್ತು. ಮಾರಿದರು. ತಪ್ಪು ಆ ತಾಯಿಯದಲ್ಲ, ನಮ್ಮದು. ನಾವು ಅರ್ಧ ಕೆಲಸ ಮಾಡಿ ಪೂರ್ತಿ ಮಾಡಿದೆವೆಂದು ತಿಳಿದಿದ್ದೆವು.

ಆಮೇಲೆ ನಮಗೆ ನೆನಪಾದದ್ದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ ಒಂದು ಹದೀಸ್. ಅಬೂದಾವೂದ್ ಸಂಗ್ರಹದಲ್ಲಿದೆ, ಹಝ್ರತ್ ಅನಸ್(ರ) ಹೇಳಿದ್ದು. ಅನ್ಸಾರಿಗಳಲ್ಲೊಬ್ಬರು ಪ್ರವಾದಿ(ಸ)ರ ಬಳಿ ಬಂದು ಕೈಚಾಚಿದರು. ನಿಮ್ಮ ಮನೆಯಲ್ಲಿ ಏನೂ ಇಲ್ಲವೇ ಎಂದು ಪ್ರವಾದಿ(ಸ) ಕೇಳಿದರು. ಹೊದೆಯಲು, ಹಾಸಲು ಒಂದು ದಪ್ಪ ಬಟ್ಟೆ, ನೀರು ಕುಡಿಯಲು ಒಂದು ಬಟ್ಟಲು, ಇಷ್ಟೇ ಎಂದರು ಆತ. ಅದನ್ನೇ ತರಿಸಿ ಪ್ರವಾದಿ(ಸ) ತಾವೇ ಹರಾಜು ಕೂಗಿದರು. ಒಬ್ಬರು ಒಂದು ದಿರ್ಹಮ್ ಎಂದರು, ಇನ್ನೊಬ್ಬರು ಎರಡಕ್ಕೆ ಕೊಂಡರು. ಆ ಎರಡು ದಿರ್ಹಮ್‌ಗಳನ್ನು ಆ ವ್ಯಕ್ತಿಯ ಕೈಗೆ ಕೊಟ್ಟು, ಒಂದರಲ್ಲಿ ಮನೆಗೆ ಆಹಾರ ಕೊಳ್ಳಲು, ಇನ್ನೊಂದರಲ್ಲಿ ಕೊಡಲಿ ತರಲು ಹೇಳಿದರು. ಕೊಡಲಿ ಬಂದಾಗ ತಮ್ಮ ಕೈಯಾರೆ ಅದಕ್ಕೆ ಕಾವು ಹಾಕಿದರು. ಸೌದೆ ಕಡಿದು ಮಾರು, ಹದಿನೈದು ದಿನ ನನಗೆ ಕಾಣಿಸಿಕೊಳ್ಳಬೇಡ ಎಂದು ಕಳಿಸಿದರು. ಆತ ಹತ್ತು ದಿರ್ಹಮ್ ಗಳಿಸಿ ಮರಳಿ ಬಂದರು.

ಈ ಹದೀಸನ್ನು ಹೇಳುವಾಗ ನಾವು ಬರೀ ಕೊಡಲಿಯನ್ನು ನೆನೆಯುತ್ತೇವೆ. ಅದರೊಳಗೆ ಇನ್ನೂ ಮೂರು ಮಾತುಗಳಿವೆ. ಮೊದಲ ದಿರ್ಹಮ್ ಹೋದದ್ದು ಮನೆಯವರ ಹೊಟ್ಟೆಗೆ. ಹಸಿದ ಮಕ್ಕಳನ್ನು ಬಿಟ್ಟು ಯಾರೂ ನೆಮ್ಮದಿಯಿಂದ ಕೆಲಸ ಕಲಿಯಲಾರರು. ಎರಡನೆಯದು, ಕಾವು. ಬರೀ ಕಬ್ಬಿಣ ಕೊಟ್ಟರೆ ಸಾಲದು, ಅದು ಕೈಗೆ ಹಿಡಿಯುವಂತಾಗಬೇಕು. ಅಂದರೆ ತರಬೇತಿ, ಕಾಗದಪತ್ರ, ಗಿರಾಕಿಯ ಪರಿಚಯ. ಮೂರನೆಯದು, ಹದಿನೈದು ದಿನದ ಗಡುವು. ಗಡುವು ಇದ್ದುದರಿಂದ ಆತ ಮರಳಿ ಬಂದು ತನ್ನ ದುಡಿಮೆಯನ್ನು ಹೇಳಿದರು, ಕೇಳುವವರೂ ಇದ್ದರು. ನಾವು ಹೊಲಿಗೆ ಮಶೀನು ಕೊಟ್ಟಾಗ ಈ ಮೂರನ್ನೂ ಬಿಟ್ಟಿದ್ದೆವು.

ಇನ್ನು ನಮ್ಮ ಸೀಮೆಯ ಮಾತಿಗೆ ಬರೋಣ. ನಮ್ಮ ನೆಲದ ಮೇಲೆ ತೊಗರಿ, ನೆಲದಡಿಯಲ್ಲಿ ಸುಣ್ಣದ ಕಲ್ಲು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಶಹಾಬಾದ್ ಫರಸಿ ದೂರದ ಊರುಗಳ ಮನೆಗಳಲ್ಲಿ ನೆಲವಾಗಿ ಬಿದ್ದಿದೆ. ವಾಡಿ, ಸೇಡಂ, ಮಳಖೇಡದಲ್ಲಿ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ. ಹೀಗಿದ್ದೂ ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿ ಮುಗಿದರೆ ನಮ್ಮ ಹಳ್ಳಿಗಳ, ತಾಂಡಾಗಳ ಜನ ಗಂಟು ಕಟ್ಟಿಕೊಂಡು ಹೈದರಾಬಾದ್, ಪುಣೆ, ಮುಂಬಯಿಗೆ ಗುಳೆ ಹೊರಡುತ್ತಾರೆ. ಹೋದವರ ಮಕ್ಕಳ ಶಾಲೆ ವಾರ್ಷಿಕ ಪರೀಕ್ಷೆಯ ಮುಂಚೆಯೇ ಮುರಿಯುತ್ತದೆ. ಊರಲ್ಲೇ ಉಳಿದ ಹುಡುಗರಲ್ಲಿ ಎಷ್ಟೋ ಜನ ಕಾರ್ಖಾನೆಯ ಗೇಟಿನ ಹೊರಗೆ ಲೋಡಿಂಗ್ ಕೂಲಿಗೆ ನಿಲ್ಲುತ್ತಾರೆ. ಒಳಗೆ ಮಶೀನು ನಡೆಸಲು ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್ ಬೇಕು. ಕೆಲಸ ನಮ್ಮೂರಲ್ಲಿದೆ, ಅದರ ಕೊಡಲಿ ನಮ್ಮ ಕೈಯಲ್ಲಿಲ್ಲ.

ತಂದೆ-ತಾಯಿಗಳೇ, ಅದಕ್ಕಾಗಿ ಒಂದು ಬಿನ್ನಹ. ವಿದ್ಯಾರ್ಥಿವೇತನ ಎಂದರೆ ಡಾಕ್ಟರ್, ಇಂಜಿನಿಯರ್ ಆಗುವವರಿಗೆ ಮಾತ್ರ ಎಂದು ತಿಳಿಯಬೇಡಿ. ಐಟಿಐ ಸೇರುವ ಮಗನಿಗೂ ಮಗಳಿಗೂ ಅಷ್ಟೇ ಗೌರವದಿಂದ ಕೊಡುತ್ತೇವೆ. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷದ ಟ್ರೇಡ್, ವೆಲ್ಡರ್ ಒಂದು ವರ್ಷದ್ದು. ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಾರ್ಖಾನೆಗಳಲ್ಲಿ ತಿಂಗಳ ಭತ್ಯೆಯೊಂದಿಗೆ ಕೆಲಸ ಕಲಿಯುವ ದಾರಿ ಇದೆ. ಆದರೆ ನಮ್ಮ ಎಷ್ಟೋ ಹುಡುಗರು ಎರಡನೇ ವರ್ಷದಲ್ಲಿ ಬಿಟ್ಟುಬಿಡುತ್ತಾರೆ. ಫೀಸು ಕಟ್ಟಲಾಗದೆ ಬಿಡುವವರು ಕಡಿಮೆ. ಮನೆಯಲ್ಲಿ ಸಾಲ, ತಂಗಿಯ ಮದುವೆ, ಬಸ್ಸಿನ ಖರ್ಚು, ಇವುಗಳಿಂದ ಬಿಡುವವರೇ ಹೆಚ್ಚು. ಇಂಥ ತೊಂದರೆ ಬಂದಾಗ ಓದು ಬಿಡುವ ಮುಂಚೆ ನಮ್ಮ ಹತ್ತಿರ ಬನ್ನಿ. ಬಿಟ್ಟ ಮೇಲೆ ಬಂದರೆ ನಮ್ಮ ಕೈಯೂ ಕಟ್ಟಿದಂತೆ.

ಸರ್ಕಾರದ ಬಾಗಿಲುಗಳೂ ಇವೆ. ಅವು ನಮ್ಮ ಹಕ್ಕು, ಕೇಳಲು ನಾಚಿಕೆ ಬೇಡ. ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ಸ್ಥಳೀಯ ಹುದ್ದೆಗಳಲ್ಲಿ 'ಸಿ' ಗುಂಪಿನಲ್ಲಿ ಶೇ. 80, 'ಡಿ' ಗುಂಪಿನಲ್ಲಿ ಶೇ. 85 ನಮ್ಮ ಭಾಗದವರಿಗೆ ಮೀಸಲು. ರಾಜ್ಯದ ಉಳಿದೆಡೆಯ ಹುದ್ದೆಗಳಲ್ಲೂ ಶೇ. 8 ಇದೆ. ನಮ್ಮ ಭಾಗದ ಕಾಲೇಜು ಸೀಟುಗಳಲ್ಲಿ ಶೇ. 70. ಇದಕ್ಕೆ ಉಪವಿಭಾಗಾಧಿಕಾರಿಗಳು ಕೊಡುವ ಅರ್ಹತಾ ಪತ್ರ ಬೇಕು. ಅರ್ಜಿಯ ಕೊನೆಯ ದಿನ ಓಡಾಡುವ ಬದಲು ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಮಾಡಿಸಿಟ್ಟುಕೊಳ್ಳಿ.

ಕೈಕಸುಬಿನವರಿಗೆ 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಇದೆ. ದರ್ಜಿ, ಗೌಂಡಿ, ಕಮ್ಮಾರ, ಬಡಗಿ, ಕ್ಷೌರಿಕ, ಧೋಬಿ ಸೇರಿ 18 ಕಸುಬುಗಳು ಅದರಲ್ಲಿವೆ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ. ಗಮನಿಸಿ, ರೊಟ್ಟಿಯ ದಿರ್ಹಮ್ಮೂ ಕೊಡಲಿಯ ದಿರ್ಹಮ್ಮೂ ಎರಡೂ ಇಲ್ಲಿವೆ. ಡಿಗ್ರಿ ಮುಗಿಸಿ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರದ ಯುವನಿಧಿಯಿಂದ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಇದೆ. ಅದು ಹೆಚ್ಚೆಂದರೆ ಎರಡು ವರ್ಷ. ಅದು ರೊಟ್ಟಿಯ ದಿರ್ಹಮ್. ಅದು ಬರುತ್ತಿರುವಾಗಲೇ ಕೊಡಲಿಯನ್ನು ಹುಡುಕಬೇಕು.

ಹದಿನೈದನೇ ದಿನ ಕೇಳುವ ಕೆಲಸ ಹೇಗೆ ಮಾಡಬೇಕೆಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ಮಾದರಿ ಇದೆ. 1982ರಲ್ಲಿ ಉಜಿರೆಯಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆ ಸೇರಿ ರುಡ್‌ಸೆಟ್ ಸಂಸ್ಥೆ ಕಟ್ಟಿದರು. ಊಟ, ವಸತಿ ಉಚಿತ, ಕೆಲವೇ ವಾರಗಳ ತರಬೇತಿ, ಆಮೇಲೆ ಎರಡು ವರ್ಷ ಹುಡುಗರ ಬೆನ್ನು ಹಿಡಿದು ವಿಚಾರಿಸುವುದು. ಅದೇ ಮಾದರಿಯಲ್ಲಿ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಬಂದವು. ಒಳ್ಳೆಯ ಕೆಲಸ ಯಾರು ಮಾಡಿದರೂ ಕಲಿಯಬೇಕು. ನಾವೂ ಕಲಿಯುತ್ತಿದ್ದೇವೆ.

ದಾನಿಗಳೇ, ಈಗ ನಿಮಗೆ ಹೇಳಬೇಕಾದ ಮಾತು. ಬರುವ ವರ್ಷಕ್ಕೆ ಮೂರು ತೀರ್ಮಾನ ಮಾಡಿದ್ದೇವೆ.

ಒಂದು, ಯಾರಿಗೇ ಸಲಕರಣೆ ಕೊಟ್ಟರೂ ಅದರ ಜೊತೆ ಮೊದಲ ಮೂರು ತಿಂಗಳ ಕಿರಾಣಿ ಕೊಡುತ್ತೇವೆ. ಇದರಿಂದ ಕೊಡುವ ಮಶೀನುಗಳ ಸಂಖ್ಯೆ ಕಡಿಮೆಯಾಗುತ್ತದೆ. ಮುಂದಿನ ವರದಿಯಲ್ಲಿ ಫೋಟೋಗಳೂ ಕಡಿಮೆ ಇರುತ್ತವೆ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಎರಡು, ಜಕಾತ್ ಹಣವನ್ನು ಬೇರೆ ಖಾತೆಯಲ್ಲಿ ಇಟ್ಟು, ಅದರಿಂದ ಕೊಂಡ ವಸ್ತುವನ್ನು ಅರ್ಹರ ಒಡೆತನಕ್ಕೇ ಬಿಟ್ಟುಕೊಡುತ್ತೇವೆ. ಕಸುಬು ಬಲ್ಲ ಬಡವನಿಗೆ ಅವನ ಕಸುಬಿನ ಸಲಕರಣೆ ಕೊಳ್ಳುವಷ್ಟು ಜಕಾತ್ ಕೊಡಬಹುದೆಂದು 13ನೇ ಶತಮಾನದಲ್ಲೇ ಇಮಾಮ್ ನವವಿ ಬರೆದಿದ್ದಾರೆ. ಸಾಲದಲ್ಲಿ ಮುಳುಗಿದವರನ್ನು ಕುರ್‌ಆನ್ ತೌಬಾ ಅಧ್ಯಾಯದ 60ನೇ ವಚನದಲ್ಲಿ ಜಕಾತಿನ ಎಂಟು ಹಕ್ಕುದಾರರ ಸಾಲಿನಲ್ಲಿ ಸೇರಿಸಿದೆ. ಬಡ್ಡಿಯಿಲ್ಲದೆ ಕೊಟ್ಟು ಮರಳಿ ಪಡೆಯುವ ಕರ್ಜೆ ಹಸನಾಕ್ಕೆ ಜಕಾತ್ ಮುಟ್ಟುವುದಿಲ್ಲ, ಬೇರೆ ದೇಣಿಗೆಯಿಂದಲೇ ಕೊಡುತ್ತೇವೆ. ಆ ದೇಣಿಗೆಯಿಂದ ಕೊಡುವಾಗ ಮನೆಯ ಕಷ್ಟ ನೋಡುತ್ತೇವೆ, ಜಾತಿ-ಧರ್ಮ ಕೇಳುವುದಿಲ್ಲ.

ಮೂರು, ನೆರವು ಪಡೆದ ಪ್ರತಿ ಮನೆಗೂ ನಮ್ಮಲ್ಲಿ ಒಬ್ಬರು ಹೊಣೆಗಾರರು ಇರುತ್ತಾರೆ. ಹದಿನೈದು ದಿನಕ್ಕೊಮ್ಮೆ ಹೋಗಿ ಬರಬೇಕು. ತಪಾಸಣೆಗೆಂದು ಹೋಗುವುದಲ್ಲ, ಚಹಾ ಕುಡಿದು ಕಷ್ಟ-ಸುಖ ಕೇಳಿ ಬರುವುದು. ಇದಕ್ಕೆ ಹಣ ಬೇಡ, ನಿಮ್ಮ ಸಮಯ ಬೇಕು. ನಿವೃತ್ತ ಶಿಕ್ಷಕರು, ಅಂಗಡಿಯವರು, ಕಾರ್ಖಾನೆಯಲ್ಲಿ ಹಿರಿಯ ಕೆಲಸಗಾರರು ಇಲ್ಲಿ ಬಹಳ ಜನ ಇದ್ದೀರಿ. ಒಬ್ಬೊಬ್ಬರು ಒಂದೊಂದು ಮನೆ ಹಿಡಿದರೆ ಸಾಕು. ಹೆಣ್ಣುಮಕ್ಕಳ ಮನೆಗಳಿಗೆ ಹೋಗಲು ತಾಯಂದಿರೇ ಮುಂದೆ ಬರಬೇಕು.

ಮಶೀನು ಮಾರಿದ ಆ ತಾಯಿಯ ಮಾತು ಹೇಳಿ ಮುಗಿಸುತ್ತೇವೆ. ಈ ಸಲ ಅವರಿಗೆ ಮತ್ತೆ ಮಶೀನು ಕೊಟ್ಟಿದ್ದೇವೆ. ಜೊತೆಗೆ ಮನೆಯ ಕಿರಾಣಿ, ಶಾಲಾ ಸಮವಸ್ತ್ರ ಹೊಲಿಸುವ ಒಬ್ಬರ ಪರಿಚಯ. ಕಾಯಿಲೆ ಇನ್ನೂ ಆ ಮನೆಯಲ್ಲಿದೆ, ಸಾಲವೂ ಪೂರ್ತಿ ತೀರಿಲ್ಲ. ಆದರೆ ಕಳೆದ ಸಲ ನಾವು ಹೋದಾಗ ಮಾತಾಡಲು ಅವರಿಗೆ ಪುರುಸೊತ್ತಿರಲಿಲ್ಲ. ತಲೆ ಎತ್ತದೆ, "ಕೂಡ್ರಿ ಭಾಯ್, ಈ ಎರಡು ಅಂಗಿ ಸಂಜೀಗೆ ಕೊಡಬೇಕು" ಎಂದರು. ನಮಗೆ ಅದಕ್ಕಿಂತ ಒಳ್ಳೆಯ ಸ್ವಾಗತ ಇಲ್ಲಿಯವರೆಗೆ ಎಲ್ಲೂ ಸಿಕ್ಕಿಲ್ಲ.

ಕೊಟ್ಟವರ ದಾನವನ್ನು ಅಲ್ಲಾಹನು ಸ್ವೀಕರಿಸಲಿ. ದುಡಿಯುವ ಕೈಗಳಿಗೆ ಬರಕತ್ ನೀಡಲಿ. ಓದುವ ಮಕ್ಕಳಿಗೆ ತಾಳ್ಮೆ ಕೊಡಲಿ. ಕೊಡುವಾಗ ನಾವು ಮಾಡುವ ತಪ್ಪುಗಳನ್ನು ಕ್ಷಮಿಸಲಿ. ಆಮೀನ್.