ಸೋಲಿನ ಲೆಕ್ಕ

ನಾನು ಇಂದು ಹೇಳಹೊರಟಿರುವ ವಿಷಯ ನನ್ನ ವಯಸ್ಸಿಗೆ ಒಪ್ಪುವಂಥದಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಬೋಧಿಸಿ ನಿವೃತ್ತನಾದ ಮೇಷ್ಟ್ರೊಬ್ಬ ಬಾನುಲಿಯಲ್ಲಿ ಮಾತನಾಡುತ್ತಾನೆಂದರೆ, ಭಾಸ್ಕರಾಚಾರ್ಯನ ಲೀಲಾವತಿಯ ವಿಚಾರವನ್ನೋ, ಮಕ್ಕಳಿಗೆ ಲೆಕ್ಕದ ಭಯವನ್ನು ಹೋಗಲಾಡಿಸುವ ಉಪಾಯವನ್ನೋ ಕೇಳುಗರು ನಿರೀಕ್ಷಿಸುವುದು ನ್ಯಾಯ. ನಾನಾದರೋ ಒಂದು ವಿಡಿಯೊ ಆಟದಲ್ಲಿ ಒಬ್ಬನೇ ಎದುರಾಳಿಯ ಕೈಯಲ್ಲಿ 63 ಸಲ ಸತ್ತ ಕಥೆಯನ್ನು ಹೇಳಲು ಬಂದಿದ್ದೇನೆ.

ಆಟದ ಯಂತ್ರ ನನ್ನದಲ್ಲ; ಮೊಮ್ಮಗನದು. 2023ರಲ್ಲಿ ಅವನು ಓದಿಗೆಂದು ಪುಣೆಗೆ ಹೊರಟಾಗ ಅದನ್ನು ನಮ್ಮ ಮನೆಯಲ್ಲಿ ಬಿಟ್ಟುಹೋದ. "ತಾತ, ಸುಮ್ಮನೆ ಧೂಳು ಹಿಡಿಯುತ್ತೆ, ನೀವು ಆಡಿ ನೋಡಿ" ಎಂದು ಫೋನಿನಲ್ಲಿ ಹೇಳಿದ. ಮೊದಮೊದಲು ಕಾರು ಓಡಿಸುವ ಆಟ ಒಂದನ್ನು ಆಡಿದೆ. ಅದು ಬೇಗ ಬೇಸರವಾಯಿತು. ಇನ್ನೊಂದು ತಟ್ಟೆಯಿತ್ತು, ಅದರ ಹೊದಿಕೆಯ ಮೇಲೆ ಕತ್ತಿ ಹಿಡಿದ ಜಪಾನೀ ಯೋಧನೊಬ್ಬನ ಚಿತ್ರ. "ಅದು ಬೇಡ ತಾತ, ತುಂಬಾ ಕಷ್ಟ" ಎಂದ. ಗಣಿತದ ಮೇಷ್ಟ್ರಿಗೆ ಆಡಬಾರದ ಮಾತು ಅದು.

ಆಟದ ಹೆಸರು 'ಸೆಕಿರೊ: ಶ್ಯಾಡೋಸ್ ಡೈ ಟ್ವೈಸ್'. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ 2019ರ ಮಾರ್ಚಿಯಲ್ಲಿ ಹೊರತಂದದ್ದು. ನಿರ್ದೇಶಕ ಹಿದೆತಾಕ ಮಿಯಾಝಾಕಿ. ಕಥೆ ನಡೆಯುವುದು ಸೆಂಗೊಕು ಕಾಲದ, ಎಂದರೆ ಜಪಾನಿನ ಪಾಳೆಯಗಾರರು ಒಬ್ಬರನ್ನೊಬ್ಬರು ಕಡಿದಾಡುತ್ತಿದ್ದ ಕಾಲದ, ಕೊನೆಯ ಭಾಗದಲ್ಲಿ. ಅಶಿನ ಎಂಬ ಕಲ್ಪಿತ ಬೆಟ್ಟದ ಸೀಮೆಯಲ್ಲಿ. ಕುರೊ ಎಂಬ ಬಾಲಕ ಒಡೆಯನನ್ನು ಕಾಯುವ ಗುಪ್ತಯೋಧನೇ ನಾಯಕ. ಕಥೆಯ ಆರಂಭದಲ್ಲೇ ಗೆನಿಚಿರೊ ಎಂಬ ಸರದಾರ ಅವನ ಎಡಗೈಯನ್ನು ಕತ್ತರಿಸಿಹಾಕುತ್ತಾನೆ. ಆ ಮೊದಲ ಕಾಳಗದಲ್ಲಿ ನೀವು ಜಾಣತನದಿಂದ ಗೆದ್ದರೂ ಕೈ ಹೋಗುವುದು ತಪ್ಪುವುದಿಲ್ಲ, ಕಥೆ ಹಾಗಿದೆ. ಪಾಳುಗುಡಿಯೊಂದರಲ್ಲಿ ಬುದ್ಧವಿಗ್ರಹಗಳನ್ನು ಕೆತ್ತುತ್ತ ಕುಳಿತ ಒಂಟಿಗೈಯ ಮುದುಕ ತನ್ನ ಹಳೆಯ ಕೃತಕ ಕೈಯನ್ನು ಅವನಿಗೆ ಜೋಡಿಸುತ್ತಾನೆ. ಈ ಮುದುಕ ಎಷ್ಟು ಕೆತ್ತಿದರೂ ಶಾಂತಮುಖದ ಬುದ್ಧ ಬಾರದೆ ಸಿಟ್ಟಿನ ಮುಖವೇ ಮೂಡುತ್ತದೆ. ಆ ವಿಗ್ರಹಗಳಲ್ಲಿ ನನ್ನ ಮುಖವನ್ನು ನಾನು ಆಮೇಲೆ ಗುರುತಿಸಿದೆ.

ಕತ್ತಿಯ ವಿದ್ಯೆ ಹೇಳುವುದಕ್ಕೆ ಸುಲಭ. ಒಂದು ಗುಂಡಿಯನ್ನು ಒತ್ತಿ ಹಿಡಿದರೆ ಎದುರಾಳಿಯ ಪೆಟ್ಟು ತಡೆಯಲ್ಪಡುತ್ತದೆ; ಅದೇ ಗುಂಡಿಯನ್ನು ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ಒತ್ತಿದರೆ ಪೆಟ್ಟು ಜಾರಿಹೋಗಿ, ಹೊಡೆದವನ ನಿಲುವೇ ಸಡಿಲುತ್ತದೆ. ನಿಲುವು ಪೂರ್ತಿ ಮುರಿದಾಗ ಅವನನ್ನು ಒಂದೇ ಏಟಿಗೆ ಮುಗಿಸಬಹುದು. ಮೈಗೆ ತಾಗುವ ಗಾಯಕ್ಕಿಂತ ಈ ನಿಲುವಿನ ಲೆಕ್ಕವೇ ಇಲ್ಲಿ ಮುಖ್ಯ. ಹಿಂದೆ ಸರಿದು ಉಸಿರು ತೆಗೆದುಕೊಂಡರೆ ನಿಮ್ಮ ನಿಲುವಿನಂತೆ ಅವನ ನಿಲುವೂ ಚೇತರಿಸುತ್ತದೆ. ಹೆದರಿದವನಿಗೆ ಇಲ್ಲಿ ಜಾಗವಿಲ್ಲ, ದುಡುಕಿದವನಿಗೂ ಇಲ್ಲ. ಎದುರಾಳಿ ತಡೆಯಲಾಗದ ಹೊಡೆತಕ್ಕೆ ಸಿದ್ಧನಾದಾಗ 'ಅಪಾಯ' ಎಂಬ ಅರ್ಥದ ಕೆಂಪು ಅಕ್ಷರವೊಂದು ಮಿಂಚುತ್ತದೆ. ಆದರೆ ಬರುವುದು ತಿವಿತವಾದರೆ ಮುಂದೆ ನುಗ್ಗಿ ಆಯುಧವನ್ನು ಮೆಟ್ಟಬೇಕು, ನೆಲಮಟ್ಟದ ಬೀಸಾದರೆ ನೆಗೆಯಬೇಕು, ಹಿಡಿತವಾದರೆ ಪಕ್ಕಕ್ಕೆ ಸರಿಯಬೇಕು. ಮೂರಕ್ಕೂ ಅಕ್ಷರ ಒಂದೇ. ಅಪಾಯವಿದೆ ಎಂದಷ್ಟೇ ಹೇಳಿ ಯಾವ ಅಪಾಯ ಎಂದು ಹೇಳದ ಎಚ್ಚರಿಕೆ ಅದು. ಸತ್ತಾಗ ಪರದೆಯ ನಡುವೆ ಇನ್ನೊಂದು ಕೆಂಪು ಅಕ್ಷರ ಮೂಡುತ್ತದೆ: 'ಸಾವು'. ಒಂದು ಸಲ ಎದ್ದು ನಿಲ್ಲುವ ವರ ನಾಯಕನಿಗುಂಟು. ಮತ್ತೆ ಬಿದ್ದರೆ ಗಳಿಸಿದ ಹಣದಲ್ಲಿ ಅರ್ಧ ಹೋಗುತ್ತದೆ, ಕಲಿಕೆಯ ಅಂಕವೂ ಹೋಗುತ್ತದೆ. ಹಿಂದಿನ ವಿಗ್ರಹದ ಮುಂದಿನಿಂದ ಮತ್ತೆ ಹೊರಡಬೇಕು.

ಕೈ ಕತ್ತರಿಸಿದ ಆ ಗೆನಿಚಿರೊ ಕೋಟೆಯ ತುದಿಯಲ್ಲಿ ಮತ್ತೆ ಎದುರಾಗುತ್ತಾನೆ. ಅವನನ್ನು ಮೂರು ಸಲ ಕೊಲ್ಲಬೇಕು. ಮೂರನೆಯ ಸಲಕ್ಕೆ ಅವನು ಸಿಡಿಲನ್ನೇ ಕತ್ತಿಗೆ ಕರೆದುಕೊಳ್ಳುತ್ತಾನೆ. ನನ್ನ ಆಟ ಅಲ್ಲಿ ನಿಂತಿತು.

ಮೊದಲ ದಿನ ನಗುತ್ತಲೇ ಸತ್ತೆ. ಎರಡನೆಯ ದಿನ ನಗು ಹೋಯಿತು. ಒಂದು ವಾರ ಕಳೆಯುವ ಹೊತ್ತಿಗೆ ಕಿವಿಯ ಹಿಂದೆ ಬಿಸಿಯೇರುವುದು, ಬಲಗೈ ಹೆಬ್ಬೆರಳು ಸೆಳೆಯುವುದು, ರಾತ್ರಿ ಕಣ್ಣು ಮುಚ್ಚಿದರೆ ಕತ್ತಿಯ ಹೊಳಪು ಕಾಣುವುದು ಶುರುವಾಯಿತು. ಸಿಟ್ಟು ಯಾರ ಮೇಲೆ ಎಂಬುದು ನನಗೇ ತಿಳಿಯುತ್ತಿರಲಿಲ್ಲ. ಎದುರಾಳಿ ಮೋಸ ಮಾಡುವುದಿಲ್ಲ. ಅವನ ವರಸೆಗಳು ನಿನ್ನೆಯವೇ ಇಂದೂ. ಆಟ ನನ್ನನ್ನು ಹೀಯಾಳಿಸುವುದೂ ಇಲ್ಲ. ಮೋಸವಿದ್ದಿದ್ದರೆ ಸಮಾಧಾನವಿರುತ್ತಿತ್ತು. ನ್ಯಾಯವಾಗಿ ಸೋತವನಿಗೆ ದೂರಲು ಯಾರೂ ಸಿಕ್ಕುವುದಿಲ್ಲ. ಹಾಗಾಗಿ ನಾನು ಕೈಯಲ್ಲಿದ್ದ ಕಂಟ್ರೋಲರನ್ನು ದೂರಿದೆ, ಬೆಳಕನ್ನು ದೂರಿದೆ, ಅಡಿಗೆಮನೆಯ ಕುಕ್ಕರಿನ ಕೂಗನ್ನು ದೂರಿದೆ. ಒಂದು ಸಂಜೆ ಕಂಟ್ರೋಲರನ್ನು ದಿಂಬಿನ ಮೇಲೆ ಎಸೆದು ಕಿರುಚಿದೆ. ಹೆಂಡತಿ ಗಾಬರಿಯಿಂದ ಓಡಿಬಂದು, "ಅಲ್ಲಾ ರೀ, ಯಾರಿಗೇನಾಯ್ತು?" ಎಂದಳು. "ನಾನು ಸತ್ತೆ" ಎಂದೆ. ಅವಳಿಗೆ ಅದು ತಮಾಷೆಯಾಗಿ ಕಾಣಲಿಲ್ಲ.

ಇಂಥ ಆಟಗಳು ಇಷ್ಟೇಕೆ ಕಠಿಣ ಎಂದು ಮೊಮ್ಮಗನನ್ನು ಕೇಳಿದೆ. ಅವನು ಹೇಳಿದ ಇತಿಹಾಸ ಸ್ವಾರಸ್ಯವಾಗಿತ್ತು. ಅಂಗಡಿಯಲ್ಲಿ ನಿಲ್ಲಿಸಿದ ಯಂತ್ರಕ್ಕೆ ನಾಣ್ಯ ಹಾಕಿ ಆಡುತ್ತಿದ್ದ ಕಾಲದಲ್ಲಿ ಆಟಗಾರ ಬೇಗ ಸಾಯುವುದೇ ಯಂತ್ರದ ಒಡೆಯನಿಗೆ ಲಾಭ. 1985ರಲ್ಲಿ ಕ್ಯಾಪ್‌ಕಾಮ್ ಸಂಸ್ಥೆ ಹೊರತಂದ 'ಘೋಸ್ಟ್ಸ್ ಎನ್ ಗಾಬ್ಲಿನ್ಸ್' ಎಂಬ ಆಟದಲ್ಲಿ ವೀರನಿಗೆ ಮೊದಲ ಏಟಿಗೆ ಕವಚ ಹಾರಿಹೋಗಿ ಅವನು ಒಳಚಡ್ಡಿಯಲ್ಲಿ ನಿಲ್ಲುತ್ತಾನೆ. ಎರಡನೆಯ ಏಟಿಗೆ ಎಲುಬಿನ ರಾಶಿ. ಅದನ್ನೆಲ್ಲ ದಾಟಿ ಕೊನೆ ಮುಟ್ಟಿದವನಿಗೆ, ಇದುವರೆಗೆ ನಡೆದದ್ದು ಮಾಯೆ, ಮೊದಲಿನಿಂದ ಇನ್ನೊಮ್ಮೆ ಆಡಿ ಬಾ ಎಂದು ಹೇಳಿ ಕಳುಹಿಸುತ್ತದೆಯಂತೆ! ಅದನ್ನು ಕಟ್ಟಿದ ಪುಣ್ಯಾತ್ಮನ ಹೆಸರು ತೊಕುರೊ ಫುಜಿವಾರ. ಆದರೆ ಸೆಕಿರೊ ನಾಣ್ಯ ಕೇಳುವುದಿಲ್ಲ. ತಟ್ಟೆಯನ್ನು ಒಮ್ಮೆ ಕೊಂಡರೆ ಮುಗಿಯಿತು. ಅದರ ಕಾಠಿಣ್ಯ ಲಾಭಕ್ಕಲ್ಲ, ಬೇಕೆಂದೇ ಇಟ್ಟದ್ದು. ಸುಲಭ, ಮಧ್ಯಮ, ಕಠಿಣ ಎಂಬ ಆಯ್ಕೆಗಳು ಇದರಲ್ಲಿಲ್ಲ. ಎಲ್ಲರಿಗೂ ಒಂದೇ ಬೆಟ್ಟ. 2019ರಲ್ಲಿ ಈ ಬಗ್ಗೆ ದೊಡ್ಡ ಜಗಳವೇ ನಡೆಯಿತು. ಕೈಕಾಲು ಸರಿಯಿಲ್ಲದವರು, ವಯಸ್ಸಾದವರು ಏನು ಮಾಡಬೇಕು ಎಂದು ಕೆಲವರು ಕೇಳಿದರು. ಬೆಟ್ಟವನ್ನು ತಗ್ಗಿಸಿದರೆ ಹತ್ತಿದ ಸುಖವೆಲ್ಲಿ ಎಂದು ಬೇರೆಯವರು ವಾದಿಸಿದರು. ಆ ವರ್ಷದ ಕೊನೆಯಲ್ಲಿ 'ದಿ ಗೇಮ್ ಅವಾರ್ಡ್ಸ್' ಸಮಾರಂಭದಲ್ಲಿ ವರ್ಷದ ಅತ್ಯುತ್ತಮ ಆಟವೆಂಬ ಪ್ರಶಸ್ತಿ ಇದಕ್ಕೇ ಬಂತು. ನನ್ನ ಮಟ್ಟಿಗೆ ಹೇಳುವುದಾದರೆ, ಸುಲಭದ ಗುಂಡಿಯೊಂದು ಇದ್ದಿದ್ದರೆ ಎಂಟನೆಯ ದಿನವೇ ಒತ್ತಿಬಿಡುತ್ತಿದ್ದೆ, ಯಾರಿಗೂ ಹೇಳುತ್ತಿರಲಿಲ್ಲ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಪಕ್ಕದ ಮನೆಯ ಏಳನೆಯ ತರಗತಿಯ ಹುಡುಗಿಯೊಬ್ಬಳು ಸಂಜೆ ನನ್ನಲ್ಲಿಗೆ ಲೆಕ್ಕ ಕೇಳಲು ಬರುತ್ತಾಳೆ. ಒಂದು ದಿನ ನಾನು ಆಗತಾನೆ ಸತ್ತು ಕುಳಿತಿದ್ದೆ. ಅವಳು ಪುಸ್ತಕ ತೆರೆದು ಹಿಂದಿನ ದಿನ ಹೇಳಿಕೊಟ್ಟ ಆವರಣದ ಲೆಕ್ಕವನ್ನೇ ಮತ್ತೆ ಕೇಳಿದಳು. "ಎಷ್ಟು ಸಲ ಹೇಳಬೇಕು ನಿನಗೆ?" ಎಂದು ಗದರಿದೆ. ಅವಳು ಮಾತಾಡದೆ ಪುಸ್ತಕ ಮುಚ್ಚಿಕೊಂಡು ಹೊರಟುಹೋದಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಆ ಆಟದಲ್ಲಿ ಒಂದು ರೋಗವಿದೆ. ನಾಯಕ ಮೇಲಿಂದ ಮೇಲೆ ಸತ್ತು ಎದ್ದರೆ ಅದರ ಬೆಲೆಯನ್ನು ಸುತ್ತಲಿನವರು ತೆರುತ್ತಾರೆ: ವಿಗ್ರಹ ಕೆತ್ತುವ ಮುದುಕ ಕೆಮ್ಮತೊಡಗುತ್ತಾನೆ, ದಾರಿಯಲ್ಲಿ ಮಾತಾಡಿಸಿದ ಬಡವರು ಹಾಸಿಗೆ ಹಿಡಿಯುತ್ತಾರೆ. ಅದನ್ನು ನಾನು ಬರಿಯ ಕಥೆಯ ಅಲಂಕಾರವೆಂದು ತಿಳಿದಿದ್ದೆ.

ಹುಡುಗಿ ಹೋದ ರಾತ್ರಿ ನನಗೆ ನೆನಪಾದದ್ದು ಅವಳಲ್ಲ. ಮೂವತ್ತು ವರ್ಷದ ಹಿಂದಿನ ಒಬ್ಬ ಹುಡುಗ. ಒಂಬತ್ತನೆಯ ತರಗತಿ, ಹಿಂದಿನ ಬೆಂಚು. ಅವನ ನೋಟ್‌ಪುಸ್ತಕದಲ್ಲಿ ಪುಟಕ್ಕೆ ಪುಟ ನನ್ನ ಕೆಂಪು ಶಾಯಿಯ ಗೀಟು, ಕೆಳಗೆ 'ತಪ್ಪು' ಎಂಬ ಬರಹ. ಒಮ್ಮೆ ಅವನು ಮೇಜಿನ ಬಳಿ ಬಂದು, "ಎಲ್ಲಿ ತಪ್ಪಿದೆ ಸಾರ್?" ಎಂದು ಕೇಳಿದ. "ನೀನೇ ಹುಡುಕು, ಆಗ ಬುದ್ಧಿ ಬರುತ್ತದೆ" ಎಂದೆ. ಅದು ಆಗ ನನಗೆ ಒಳ್ಳೆಯ ಬೋಧನೆಯಾಗಿ ಕಂಡಿತ್ತು. ಆ ವರ್ಷ ಅವನು ನಪಾಸಾದ. ಮುಂದೆ ಶಾಲೆಗೆ ಬರಲಿಲ್ಲ. ಅವನ ಮನೆಯಲ್ಲಿ ಬೇರೆ ತೊಂದರೆಗಳೂ ಇದ್ದವು. ಎಲ್ಲ ಹೊಣೆಯನ್ನೂ ನಾನು ಹೊತ್ತುಕೊಂಡರೆ ಅದೂ ಒಂದು ಬಗೆಯ ಜಂಬವೇ. ಆದರೆ ಪರದೆಯ ಮೇಲೆ ಕೆಂಪಕ್ಷರ ಮೂಡಿದಾಗಲೆಲ್ಲ ನಾನು ಒಳಗೊಳಗೇ ಕೇಳುತ್ತಿದ್ದುದು ಅವನ ಪ್ರಶ್ನೆಯನ್ನೇ: ಎಲ್ಲಿ ತಪ್ಪಿದೆ? ಯಂತ್ರ ಹೇಳುವುದಿಲ್ಲ. ಎಷ್ಟು ಸಲ ಬೇಕಾದರೂ ಮತ್ತೆ ಶುರುಮಾಡಿಸುವ ತಾಳ್ಮೆ ಅದಕ್ಕಿದೆ; ನನಗೆ ಅದೂ ಇರಲಿಲ್ಲ. ಸೋಲಿನಿಂದ ಮನುಷ್ಯ ಅಷ್ಟಾಗಿ ಕುಗ್ಗುವುದಿಲ್ಲವೆಂದು ನನಗೆ ಈಗ ತೋರುತ್ತದೆ. ಯಾವ ಹೆಜ್ಜೆಯಲ್ಲಿ ಸೋತೆ ಎಂದು ತಿಳಿಯದೆ ಮತ್ತೆ ಮತ್ತೆ ಅಲ್ಲಿಗೇ ಹೋಗಿ ಬೀಳುವುದಿದೆಯಲ್ಲ, ಅದು ಮೈಯನ್ನೇ ಸುಡುತ್ತದೆ.

ಮೊದಲ ದಿನದಿಂದ ನಾನು ಒಂದು ಹಳೆಯ ಡೈರಿಯಲ್ಲಿ ಸಾವುಗಳನ್ನು ಗೀಟೆಳೆದು ಎಣಿಸುತ್ತಿದ್ದೆ. ಆಗ 23 ಗೀಟುಗಳಾಗಿದ್ದವು. ಮರುದಿನದಿಂದ ಗೀಟಿನ ಪಕ್ಕದಲ್ಲಿ 'ಯಾವುದರಿಂದ' ಎಂಬ ಅಂಕಣವೊಂದನ್ನು ಸೇರಿಸಿದೆ. ಇನ್ನು 40 ಸಾವುಗಳಾಗುವ ಹೊತ್ತಿಗೆ ಲೆಕ್ಕ ಹೀಗೆ ಬಂತು: ಕೆಂಪು ಅಪಾಯವನ್ನು ತಪ್ಪಾಗಿ ಓದಿದ್ದರಿಂದ 11, ಸಿಡಿಲಿನಿಂದ 6, ಇತರೆ 4. ಉಳಿದ 19 ನನ್ನನ್ನು ಬೆರಗಾಗಿಸಿದವು. ನಾಯಕನ ಸೊಂಟದಲ್ಲಿ ಔಷಧದ ಸೋರೆಬುರುಡೆಯೊಂದಿದೆ; ಕುಡಿದರೆ ಗಾಯ ಮಾಯುತ್ತದೆ. ಅದನ್ನು ಕುಡಿಯಲು ನಾನು ದೂರ ಓಡುತ್ತಿದ್ದೆ. ಗೆನಿಚಿರೊ ಬಿಲ್ಲುಗಾರ. ಬುರುಡೆ ತುಟಿಗೆ ತಾಗುವ ಹೊತ್ತಿಗೆ ಅವನ ಬಾಣ ಹೊರಟಿರುತ್ತಿತ್ತು. ಕಾದುವಾಗ ನಾನು ಸಾಯುತ್ತಿದ್ದುದು ಕಡಿಮೆ. ಸಾಯುತ್ತಿದ್ದುದೆಲ್ಲ ಚೇತರಿಸಿಕೊಳ್ಳಲು ಓಡಿದಾಗ. ಹತ್ತಿರದಲ್ಲೇ ನಿಂತು, ಅವನ ದೀರ್ಘ ವರಸೆಯೊಂದು ಮುಗಿದು ಅವನೇ ತಡವರಿಸುವಾಗ ಕುಡಿದರೆ ಬಾಣವಿಲ್ಲ. ಇದು ಮೂರು ವಾರ ನನ್ನ ಕಣ್ಣೆದುರಿಗೇ ಇತ್ತು.

ಪಾಳುಗುಡಿಯ ಅಂಗಳದಲ್ಲಿ ಹಾನ್‌ಬೆ ಎಂಬ ಸಾವಿಲ್ಲದ ಮನುಷ್ಯನಿದ್ದಾನೆ. ಅಭ್ಯಾಸಕ್ಕಾಗಿ ತನ್ನನ್ನು ಎಷ್ಟು ಬೇಕಾದರೂ ಕಡಿಯಲು ಬಿಡುತ್ತಾನೆ. ಎರಡು ದಿನ ಅವನ ಬಳಿ ಕಳೆದೆ. ಸಿಡಿಲಿನದು ಬೇರೆ ವಿದ್ಯೆ: ಗಾಳಿಯಲ್ಲಿರುವಾಗಲೇ ಅದನ್ನು ಮೈಗೆ ತಗೊಂಡು, ನೆಲ ಮುಟ್ಟುವ ಮುನ್ನ ಕತ್ತಿ ಬೀಸಿ ಕಳುಹಿಸಿದವನಿಗೇ ಹಿಂದಿರುಗಿಸಬೇಕು. 64ನೆಯ ಸಲ ಗೆನಿಚಿರೊ ಬಿದ್ದ. ಕುಣಿಯಬೇಕೆನಿಸಲಿಲ್ಲ. ಎದ್ದು ಒಂದು ಲೋಟ ನೀರು ಕುಡಿದೆ, ಕೈ ನಡುಗುತ್ತಿತ್ತು.

ಆ ಸಂಜೆ ಡೈರಿ ಹಿಡಿದು ಪಕ್ಕದ ಮನೆಗೆ ಹೋದೆ. ಹುಡುಗಿ ಬಾಗಿಲಲ್ಲೇ ನಿಂತಳು. "ತಪ್ಪಾಯಿತಮ್ಮ, ಗದರಬಾರದಿತ್ತು" ಎಂದೆ. ಅವಳಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಡೈರಿ ತೆರೆದು ತೋರಿಸಿದೆ. ಗೀಟುಗಳನ್ನು ಬೆರಳಿಟ್ಟು ಎಣಿಸಿ, "ತಾತ, ಇಷ್ಟೂ ಸಲ ನೀವೇ ಸೋತದ್ದಾ?" ಎಂದು ಕೇಳಿದಳು. ಹೌದು ಎಂದೆ. ಒಳಗೆ ಹೋಗಿ ತನ್ನ ಲೆಕ್ಕದ ಪುಸ್ತಕ ತಂದಳು. ಇಬ್ಬರೂ ಜಗಲಿಯ ಮೇಲೆ ಕುಳಿತು ಅವಳ ತಪ್ಪುಗಳಿಗೆ ಅಂಕಣ ಹಾಕಿದೆವು. ಹದಿನಾಲ್ಕು ತಪ್ಪುಗಳಲ್ಲಿ ಹತ್ತು ಒಂದೇ ತಪ್ಪು: ಆವರಣದ ಮುಂದೆ ಋಣಚಿಹ್ನೆಯಿದ್ದಾಗ ಒಳಗಿನ ಎರಡನೆಯ ಪದದ ಚಿಹ್ನೆಯನ್ನು ಬದಲಿಸಲು ಅವಳು ಮರೆಯುತ್ತಿದ್ದಳು.

ಆಟ ಇನ್ನೂ ಮುಗಿದಿಲ್ಲ. ಕೊನೆಯಲ್ಲಿ ಗೆನಿಚಿರೊನನ್ನು ಇನ್ನೊಮ್ಮೆ ಗೆದ್ದ ಮೇಲೆ, ಸಾವಿನಾಚೆಯಿಂದ ಮರಳಿಬರುವ ಅವನ ಅಜ್ಜ ಇಶ್ಶಿನ್‌ನನ್ನು ಮೂರು ಸಲ ಗೆಲ್ಲಬೇಕು. ಇಡೀ ಆಟದಲ್ಲಿ ಎಲ್ಲರಿಗಿಂತ ಕಠಿಣನಾದವನು ಒಬ್ಬ ಅಜ್ಜ ಎಂಬುದು ನನಗೆ ಅಷ್ಟೇನೂ ಬೇಸರದ ಸಂಗತಿಯಲ್ಲ. ಅವನ ಪುಟದಲ್ಲಿ ನಿನ್ನೆಗೆ 37 ಗೀಟುಗಳಾಗಿವೆ. ದಿನಕ್ಕೆ ಒಂದು ಗಂಟೆ, ಅದೂ ಹುಡುಗಿ ಲೆಕ್ಕ ಮುಗಿಸಿ ಹೋದ ಮೇಲೆ, ಎಂದು ಹೆಂಡತಿ ಕಟ್ಟಪ್ಪಣೆ ಮಾಡಿದ್ದಾಳೆ.